ಬೇಲಿಯೊಳಗೆ ನಲವತ್ತನಾಲ್ಕು

೧೯೯೬ರ ಮಾರ್ಚ್ ೩, ಭಾನುವಾರ, ಸಂಜೆ ೪ ಗಂಟೆ ೪೦ ನಿಮಿಷ. ಸಿಂಗಾಪುರದ ಹೌಗಾಂಗ್‌ನಲ್ಲಿ ನಮ್ಮ ವಸತಿ ಬ್ಲಾಕಿನ ಎದುರಿಗಿದ್ದ ಹಾಕಿ ಮೈದಾನದಲ್ಲಿ, ಪೂರ್ವದ ಗೋಲಿನ ಮುಂದೆ, ಕೃತಕ ಹುಲ್ಲಿನ ಹಸಿರು ಹಾಸು ಹರಿಯಿತು. ಚೆಂಡಿಗೆ ಅಡ್ಡ ಬಿದ್ದಿದ್ದ ಗೋಲ್‌ಕೀಪರ್ ಎದ್ದಾಗ ಎಡ ಮೊಣಕೈಯಿಂದ ಮಣಿಕಟ್ಟಿನವರೆಗೆ ಚರ್ಮ ಸುಲಿದುಹೋಗಿತ್ತು. ಆಟ ಇಪ್ಪತ್ತಮೂರು ನಿಮಿಷ ನಿಂತಿತು. ಕೈಗೆ ಏಳು ಹೊಲಿಗೆ ಬಿದ್ದವು. ಅಂದು ಬೇಲಿಯೊಳಗೆ ಇದ್ದ ಪ್ರೇಕ್ಷಕರು ಮೂವತ್ತೆಂಟು.

ಹರಿದ ಹಾಸನ್ನು ಎತ್ತಿದಾಗ ಕೆಳಗಿದ್ದದ್ದನ್ನು ನಾನು ಹತ್ತಿರದಿಂದ ನೋಡಿದೆ. ಕಪ್ಪು ರಬ್ಬರಿನ ಪದರ ಲೋಳೆಯಾಗಿತ್ತು. ಅದರಲ್ಲಿ ಅಕ್ಕಿಕಾಳಿನ ಗಾತ್ರದ ಬಿಳಿ ಹುಳುಗಳು ಓಡಾಡುತ್ತಿದ್ದವು. ವಾರಗಟ್ಟಲೆ ತೊಳೆಯದ ಮೀನಿನ ಬುಟ್ಟಿಯ ವಾಸನೆ. ಈ ವಾಸನೆಯ ಮೇಲೆ ಎಷ್ಟು ತಿಂಗಳು ಆಡಿಸಿದ್ದರೋ. ರಾತ್ರಿ ಊಟಕ್ಕೆ ಕೂತಾಗ ಮೊಸರನ್ನ ಬಾಯಿಗೆ ಹೋಗಲಿಲ್ಲ.

ಆಗ ನನಗೆ ಹತ್ತೊಂಬತ್ತು, ಪಾಲಿಟೆಕ್ನಿಕ್‌ನಲ್ಲಿ ಓದುತ್ತಿದ್ದೆ. ಎಣಿಸುವುದು ಅಪ್ಪನಿಂದ ಬಂದ ಚಟ. ಅಪ್ಪ ಮೈಸೂರಿನ ಕಡೆಯವರು. ಕಾರ್ಖಾನೆಯೊಂದರಲ್ಲಿ ಗುಣಮಟ್ಟ ನೋಡುವ ಎಂಜಿನಿಯರ್. "ಮೊದ್ಲು ಏನನ್ನ ಎಣಿಸ್ತೀಯ ಅಂತ ಡಿಸೈಡ್ ಮಾಡು, ಆಮೇಲೆ ಎಣಿಸು" ಎನ್ನುವುದು ಅವರು ನನಗೆ ಹೇಳಿಕೊಟ್ಟ ಒಂದೇ ವಿದ್ಯೆ. ೧೯೯೫ರ ಆಗಸ್ಟಿನಲ್ಲಿ ನಮ್ಮ ತಂಡದ ಸ್ಕೋರ್ ಬರೆಯುವ ಕೆಲಸ ನನಗೆ ಬಂದಾಗ ಹೊಸ ನೋಟ್‌ಬುಕ್ ತೆಗೆದುಕೊಂಡೆ. ಮೊದಲ ಪುಟದಲ್ಲಿ ನಿಯಮ ಬರೆದೆ: ಪ್ರೇಕ್ಷಕರು ಎಂದರೆ ವಿರಾಮದ ಹೊತ್ತಿಗೆ ಬೇಲಿಯ ಒಳಗೆ ಇರುವವರು. ಆ ನಿಯಮದ ಬಗ್ಗೆ ನನಗೆ ಹೆಮ್ಮೆಯಿತ್ತು.

ನಮ್ಮ ತಂಡ ಎಂದೆ. ಅದು ಆಟಗಾರರಿಗೆ ಸಂಬಳ ಕೊಟ್ಟು ಆಡಿಸುವ ತಂಡ. ಮಲಯರು, ಚೀನೀಯರು, ಸಿಖ್ಖರು ಎಲ್ಲರೂ ಇದ್ದರು. ನಮಗೆ ಅದು ನಮ್ಮದಾದದ್ದು ಇಬ್ಬರಿಂದ. ಒಬ್ಬರು ಗೋಲ್‌ಕೀಪರ್, ಕೊಡಗಿನವರು, ಮೂವತ್ತನಾಲ್ಕು ವರ್ಷ, ನಮ್ಮ ಬ್ಲಾಕಿನದೇ ಎರಡನೇ ಮಹಡಿಯಲ್ಲಿ ಹೆಂಡತಿ ಮತ್ತು ಎಂಟು ವರ್ಷದ ಮಗಳ ಜೊತೆ ಬಾಡಿಗೆಗಿದ್ದರು. ಇನ್ನೊಬ್ಬರು ತಂಡದ ಮ್ಯಾನೇಜರ್. ಉಡುಪಿಯ ಕಡೆಯವರು, ವಾರವಿಡೀ ಬ್ಯಾಂಕಿನಲ್ಲಿ ಕೆಲಸ, ಭಾನುವಾರ ಕೊರಳಲ್ಲಿ ವಿಶಲ್. ಇಬ್ಬರನ್ನೂ ನಾನು ಅಂಕಲ್ ಎನ್ನುತ್ತಿದ್ದೆ.

ನಮ್ಮ ಮನೆ ನಾಲ್ಕನೇ ಮಹಡಿಯಲ್ಲಿ. ಬಾಗಿಲ ಮುಂದಿನ ಉದ್ದನೆಯ ಕಾರಿಡಾರಿನಲ್ಲಿ ನಿಂತರೆ ಇಡೀ ಮೈದಾನ ತಟ್ಟೆಯ ಮೇಲೆ ಇಟ್ಟಂತೆ ಕಾಣುತ್ತಿತ್ತು. ಪಂದ್ಯದ ಭಾನುವಾರಗಳಲ್ಲಿ ಪಾಸಿರ್ ರಿಸ್, ಬೆಡೋಕ್‌ನಂಥ ಬೇರೆ ಬಡಾವಣೆಗಳಿಂದ ನಮ್ಮ ಕನ್ನಡದ ಜನ ಟಿಫಿನ್ ಕ್ಯಾರಿಯರ್ ಹಿಡಿದು ನಮ್ಮಲ್ಲಿಗೆ ಬರುತ್ತಿದ್ದರು. ಅಮ್ಮ ಬೋಂಡಾ ಕರಿಯುತ್ತಿದ್ದಳು. ಮನೆಯ ಮಡಚುವ ಕುರ್ಚಿಗಳು ಕಾರಿಡಾರಿನಲ್ಲಿ ಸಾಲಾಗುತ್ತಿದ್ದವು. ಮದುವೆ ಮಂಟಪದಲ್ಲಿ ಮಾಡುವ ಹಾಗೆಯೇ ಇಲ್ಲೂ ಮುಂದಿನ ನಾಲ್ಕು ಕುರ್ಚಿ ಯಾರೋ ದೊಡ್ಡವರಿಗೆಂದು ಖಾಲಿ ಬಿಡುತ್ತಿದ್ದರು. ಅವುಗಳ ಮೇಲೆ ಯಾರೂ ಕೂರುತ್ತಿರಲಿಲ್ಲ. ಕೆಳಗೆ ಟಿಕೆಟ್ ಎರಡು ಡಾಲರ್. ಮೇಲೆ ನೆರಳು, ಗಾಳಿ, ಕಾಫಿ. ಇದನ್ನೆಲ್ಲ ಅವರು "ಮ್ಯಾಚಿಗೆ ಹೋಗಿದ್ವಿ" ಎಂದೇ ಹೇಳಿಕೊಳ್ಳುತ್ತಿದ್ದರು. ನನ್ನ ಪುಸ್ತಕದಲ್ಲಿ ಅವರು ಯಾರೂ ಇರಲಿಲ್ಲ.

ಮಾರ್ಚ್ ೧೦ರಂದು ಹರಿದ ಜಾಗಕ್ಕೆ ತೇಪೆ ಬಿತ್ತು. ಮೈದಾನ ಒಂದು ಖಾಸಗಿ ಮನರಂಜನಾ ಕ್ಲಬ್ಬಿನದು. ಅವರು ತಮ್ಮ ಪಾರ್ಟಿ ಹಾಲಿನ ಹಳೆಯ ಕೆಂಪು ಕಾರ್ಪೆಟ್ಟಿನಿಂದ ಒಂದು ತುಂಡು ಕತ್ತರಿಸಿ ಅಂಟಿಸಿದ್ದರು. ಉದ್ದ ಎರಡು ಮೀಟರ್, ಅಗಲ ಒಂದೂವರೆ, ಅಳೆದೆ. ಅದರ ಮೇಲೆ ಹಳೆಯ ಸಾಸಿನ ಕಲೆ ಇತ್ತು, ನೂಡಲ್ಸಿನ ಒಣಗಿದ ಎಳೆಯೊಂದು ನೂಲಿನಲ್ಲಿ ಸಿಕ್ಕಿಕೊಂಡಿತ್ತು. ಕೈಗೆ ಹೊಲಿಗೆ ಹಾಕಿಸಿಕೊಂಡಿದ್ದ ಗೋಲ್‌ಕೀಪರ್ ಅಂಕಲ್ ಅದರ ಮೇಲೆ ನಿಂತು ಮುಂದಿನ ಪಂದ್ಯ ಆಡಬೇಕಿತ್ತು.

"ಏನ್ ಅಂಕಲ್ ಇದು?" ಎಂದೆ.

"ರೆಡ್ ಕಾರ್ಪೆಟ್ ವೆಲ್ಕಮ್, ಅಮ್ಮಿ" ಎಂದು ಗೋಲ್‌ಕೀಪರ್ ಅಂಕಲ್ ನಕ್ಕರು. "ಇಷ್ಟು ಮರ್ಯಾದೆ ನಂಗೆ ಮದುವೇಲೂ ಸಿಕ್ಕಿರ್ಲಿಲ್ಲ."

ಜಗಳ ಇಷ್ಟೇ. ಹೊಸ ಹಾಸು ಯಾರು ಹಾಕಿಸಬೇಕು? ಮೈದಾನ ನಿಮ್ಮದು, ನೀವು ಹಾಕಿಸಿ ಎಂದು ತಂಡ. ಸವೆಸಿದವರು ನೀವು, ನೀವು ಹಾಕಿಸಿ ಎಂದು ಕ್ಲಬ್ಬು. ಎರಡೂ ಕಡೆಯವರು ಪತ್ರ ಬರೆದರು. ಕ್ಲಬ್ಬು ಡ್ರೆಸಿಂಗ್ ರೂಮಿನ ನೀರು ನಿಲ್ಲಿಸಿತು. ತಂಡ ಮೈದಾನ ತೊಳೆಯುವುದನ್ನು ನಿಲ್ಲಿಸಿತು. ಮೂರು ವಾರ ಆ ರೂಮಿನ ಮೋರಿ ಕಟ್ಟಿಕೊಂಡಿತ್ತು. ಆಟಗಾರರು ನಮ್ಮ ಬ್ಲಾಕಿನ ಕೆಳಗಿನ ತೆರೆದ ನೆಲಮಹಡಿಯ, ಅಂದರೆ ವಾಯ್ಡ್ ಡೆಕ್‌ನ, ನಲ್ಲಿಯಲ್ಲಿ ಕಾಲು ತೊಳೆದುಕೊಂಡು ಬಸ್ಸು ಹತ್ತುತ್ತಿದ್ದರು. ದೊಡ್ಡ ಮನುಷ್ಯರು ದೊಡ್ಡ ಮನುಷ್ಯರಿಗೆ ಬುದ್ಧಿ ಕಲಿಸುವ ವಿಧಾನ ಅದು.

ಮಾರ್ಚ್ ೩೧, ಭಾನುವಾರ. ಪಂದ್ಯ ಮುಗಿದು ಎಲ್ಲರೂ ನಮ್ಮ ಮನೆಯಲ್ಲಿದ್ದರು. ಮ್ಯಾನೇಜರ್ ಅಂಕಲ್ ಕಡ್ಡಿಯಿಂದ ಹಲ್ಲು ಕುಕ್ಕುತ್ತ, ಕಡ್ಡಿಯ ತುದಿಯನ್ನು ನೋಡುತ್ತ, ಸುದ್ದಿ ಹೇಳಿದರು.

"ಟೀಮ್ ಶಿಫ್ಟ್ ಮಾಡೋದೇ. ಸೇತುವೆ ಆಚೆ ಮಲೇಷ್ಯಾದಲ್ಲಿ, ಜೊಹೋರ್‌ನಲ್ಲಿ ಬ್ರ್ಯಾಂಡ್ ನ್ಯೂ ಟರ್ಫ್ ಇದೆ. ಬನ್ನಿ ಬನ್ನಿ ಅಂತಿದ್ದಾರೆ."

"ಛೇ, ಬಿಡೋಕಾಗುತ್ತಾ ಸಾರ್?" ಎಂದರು ಪಾಸಿರ್ ರಿಸ್‌ನ ಅಂಕಲ್ ಒಬ್ಬರು, ಬೋಂಡಾಕ್ಕೆ ಚಟ್ನಿ ಹಚ್ಚುತ್ತ. "ಇದು ನಮ್ ಟೀಮ್."

"ನಾವಿದ್ದೀವಿ ನಿಮ್ ಹಿಂದೆ" ಎಂದರು ಇನ್ನೊಬ್ಬರು.

ಗೋಲ್‌ಕೀಪರ್ ಅಂಕಲ್ ಬಾಗಿಲ ಹತ್ತಿರ ನಿಂತಿದ್ದರು. ಅವರು ಕೇಳಿದ್ದು ಒಂದೇ ಪ್ರಶ್ನೆ. "ನನ್ ಪಾಸು?"

ಮ್ಯಾನೇಜರ್ ಅಂಕಲ್ ಕಡ್ಡಿಯನ್ನು ತಟ್ಟೆಯಲ್ಲಿಟ್ಟರು. "ನೋಡೋಣ. ಅಲ್ಲಿ ಅವರದ್ದೇ ಗೋಲ್‌ಕೀಪರ್ ಇದ್ದಾನೆ."

ಅಂಕಲ್‌ಗೆ ಸಿಂಗಾಪುರದಲ್ಲಿ ಇರಲು ಸಿಕ್ಕಿದ್ದ ಅನುಮತಿ ತಂಡದ ಹೆಸರಿನ ಮೇಲಿತ್ತು. ತಂಡ ಸೇತುವೆ ದಾಟಿದರೆ ಆ ಅನುಮತಿ ಹೋಗುತ್ತದೆ. ಅದರ ಜೊತೆ ಹೆಂಡತಿಯದು, ಮಗಳದು. ಮಗಳು ಪ್ರೈಮರಿ ಟೂ. ಮೂವತ್ತನಾಲ್ಕರ ಗೋಲ್‌ಕೀಪರನ್ನು ಬೇರೆ ಯಾವ ತಂಡವೂ ಹೊಸದಾಗಿ ತೆಗೆದುಕೊಳ್ಳುವುದಿಲ್ಲ. ಆ ಕೋಣೆಯಲ್ಲಿದ್ದ ಎಲ್ಲರಿಗೂ ಇದು ಗೊತ್ತಿತ್ತು. ಗೊತ್ತಿದ್ದೂ ಎಲ್ಲರೂ ಟೀಮ್ ಟೀಮ್ ಎನ್ನುತ್ತಿದ್ದರು.

ಏಪ್ರಿಲ್ ೭ರಂದು ಮ್ಯಾನೇಜರ್ ಅಂಕಲ್ ನನ್ನ ಪುಸ್ತಕ ಕೇಳಿದರು. ಕ್ಲಬ್ಬಿನವರ ಜೊತೆ ಮೀಟಿಂಗ್ ಇದೆ, ನಮಗೆ ಜನ ಬರುತ್ತಾರೆ ಎಂದು ತೋರಿಸಬೇಕು ಎಂದರು. ಪುಸ್ತಕವನ್ನು ತಿರುವಿ ಹಾಕಿ, "ಎಷ್ಟು ನೀಟಾಗಿ ಗೆರೆ ಎಳೆದಿದ್ದೀಯಮ್ಮ!" ಎಂದು ಹೊಗಳಿದರು. ಗೆರೆಗಳ ಮಧ್ಯೆ ಏನಿತ್ತೆಂದು ಓದಲಿಲ್ಲ. ನಾನೂ ಹೇಳಲಿಲ್ಲ. ಹೊಗಳಿಕೆಗೆ ಉಬ್ಬಿದ್ದೆ.

ಏಪ್ರಿಲ್ ೨೦, ಶನಿವಾರ, ಬೆಳಿಗ್ಗೆ ೧೧ಕ್ಕೆ ಮೀಟಿಂಗ್. ಲೆಕ್ಕ ವಿವರಿಸಲು ನನ್ನನ್ನೂ ಕರೆದೊಯ್ದರು. ಕ್ಲಬ್ಬಿನ ಕಮಿಟಿಯಲ್ಲಿ ಮೂವರು. ನಡುವಿನವರು ಚೀನೀ ಹಿರಿಯರು, ದಪ್ಪ ಕನ್ನಡಕ. ಅವರು ನನ್ನ ಪುಸ್ತಕದ ಝೆರಾಕ್ಸ್ ಪ್ರತಿಯನ್ನು ಓದಿ ಬಂದಿದ್ದರು. ಪ್ರತಿ ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಕೂಡಿಸಿದ್ದರು. ಅಲ್ಲಿಯವರೆಗೆ ನನ್ನ ಪುಸ್ತಕವನ್ನು ನಿಜವಾಗಿ ಓದಿದ ಮನುಷ್ಯ ಅವರೊಬ್ಬರೇ.

"ಹದಿನಾಲ್ಕು ಪಂದ್ಯ. ಐನೂರ ಎಪ್ಪತ್ತನಾಲ್ಕು ಜನ" ಎಂದರು ಇಂಗ್ಲಿಷಿನಲ್ಲಿ. "ಪಂದ್ಯಕ್ಕೆ ನಲವತ್ತೊಂದು. ನಲವತ್ತೊಂದು ಜನಕ್ಕೆ ಹೊಸ ಟರ್ಫಾ, ಮಿಸ್?"

ಮ್ಯಾನೇಜರ್ ಅಂಕಲ್ ನನ್ನತ್ತ ತಿರುಗಿದರು. ನಮ್ಮ ಮನೆಯಲ್ಲಿ ಸದಾ ಬೆಂಗಳೂರಿನ ಕನ್ನಡ ಆಡುತ್ತಿದ್ದವರ ಬಾಯಿಂದ ಊರಿನ ಮಾತು ಹಾರಿತು. "ಎಂತ ಮಾರಾಯ್ತಿ ಇದು? ನಲವತ್ತೊಂದಾ? ಅಷ್ಟೂ ಜನ ಬರ್ತಾರಲ್ಲ, ಅವರೆಲ್ಲ ಎಲ್ಲಿಗೆ ಹೋದ್ರು?"

ನಾನು ಎದ್ದುನಿಂತೆ. ನಮ್ಮ ಬ್ಲಾಕಿನ ಕಾರಿಡಾರುಗಳಲ್ಲಿ ನಿಂತು ನೋಡುವವರನ್ನು ನಾನು ಎಣಿಸಿಲ್ಲ, ಅವರು ಇದಕ್ಕಿಂತ ಎಷ್ಟೋ ಹೆಚ್ಚು, ತಪ್ಪು ನನ್ನ ನಿಯಮದ್ದು ಎಂದು ಹೇಳಿದೆ.

ಕನ್ನಡಕದವರು ತಾಳ್ಮೆಯಿಂದ ಕೇಳಿಸಿಕೊಂಡರು. "ನಿಮ್ಮ ನಿಯಮ ಸರಿಯಾಗೇ ಇದೆ. ಅವರನ್ನು ಕೆಳಗೆ ಕರೆದುಕೊಂಡು ಬನ್ನಿ. ಮೇ ಹನ್ನೆರಡರ ಪಂದ್ಯಕ್ಕೆ ಬೇಲಿಯೊಳಗೆ ನೂರೈವತ್ತು ಜನ ಇದ್ದರೆ ಹಾಸು ನಾವು ಹಾಕಿಸುತ್ತೇವೆ. ನಾವೇ ಬಂದು ಎಣಿಸುತ್ತೇವೆ."

ನೂರೈವತ್ತು. ನನಗೆ ನಗು ಬಂತು, ಅಷ್ಟು ಸುಲಭ ಅನ್ನಿಸಿತು. ಮೆಟ್ಟಿಲು ಎರಡೆರಡು ಹಾರಿ ಎರಡನೇ ಮಹಡಿಗೆ ಓಡಿ ಗೋಲ್‌ಕೀಪರ್ ಅಂಕಲ್‌ಗೆ ಹೇಳಿದೆ. ಮಗಳು ಹೋಮ್‌ವರ್ಕ್ ಮಾಡುತ್ತಿದ್ದಳು.

"ಒನ್ ಫಿಫ್ಟಿ ಈಸಿ ಲಾ, ಅಕ್ಕ" ಎಂದಳು, ಇಲ್ಲಿನ ಮಕ್ಕಳ ಹಾಗೆ ಮಾತಿಗೆ ಲಾ ಸೇರಿಸಿ. "ನಿಮ್ಮನೇಲೇ ಅಷ್ಟು ಜನ ಇರ್ತಾರೆ."

ಏಪ್ರಿಲ್ ೨೮ರಂದು ನಮ್ಮ ಮನೆಯಲ್ಲಿ ಸಹಿ ಸಂಗ್ರಹ ಆಯಿತು. ತಂಡ ಉಳಿಯಬೇಕು, ಮೇ ೧೨ಕ್ಕೆ ನಾವು ಬಂದೇ ಬರುತ್ತೇವೆ ಎಂದು ಬರೆದ ಹಾಳೆ. ಮೊದಲ ಸಹಿ ಅಪ್ಪನದು. ಹಾಳೆ ಮನೆಯಿಂದ ಮನೆಗೆ, ಆಫೀಸಿಂದ ಆಫೀಸಿಗೆ ಹೋಗಿ ಹತ್ತು ದಿನದಲ್ಲಿ ವಾಪಸ್ಸು ಬಂತು. ಸಹಿಗಳು ೨೧೨. ಕೆಲವರು ಸಹಿಯ ಕೆಳಗೆ ಎರಡು ಗೆರೆ ಎಳೆದಿದ್ದರು. ಒಬ್ಬರು "ಪ್ರಾಣ ಇರುವವರೆಗೂ" ಎಂದು ಬರೆದಿದ್ದರು. ಆ ಅಂಕಲ್ ಇರುವುದು ಮೈದಾನದಿಂದ ಎರಡು ಬಸ್ ಸ್ಟಾಪ್ ದೂರದಲ್ಲಿ.

ಮೇ ೧೨. ಮೂರೂವರೆಗೆ ನಾನು ಬೇಲಿಯೊಳಗೆ ಇದ್ದೆ. ಕಮಿಟಿಯ ಮೂವರೂ ಬಂದರು. ಒಬ್ಬರ ಕೈಯಲ್ಲಿ, ಒತ್ತಿದರೆ ಟಿಕ್ ಎನ್ನುವ ಎಣಿಕೆಯ ಯಂತ್ರ. ನಾಲ್ಕಕ್ಕೆ ಪಂದ್ಯ ಶುರುವಾದಾಗ ಟಿಕ್ಕುಗಳು ಮೂವತ್ತಾರು. ಇನ್ನೂ ಬರುತ್ತಾರೆ ಎಂದುಕೊಂಡೆ. ನಮ್ಮ ಜನ ಮುಹೂರ್ತಕ್ಕೇ ಬರುವವರಲ್ಲ. ನಾಲ್ಕೂ ಹದಿನೈದಕ್ಕೆ ನಲವತ್ತೊಂದು. ಆಮೇಲೆ ಗೇಟಿನಲ್ಲಿ ಯಾರೂ ಇಲ್ಲ.

ತಲೆ ಎತ್ತಿ ನಮ್ಮ ಬ್ಲಾಕನ್ನು ನೋಡಿದೆ.

ನಾಲ್ಕನೇ ಮಹಡಿಯ ಕಟಕಟೆಯುದ್ದಕ್ಕೂ ತಲೆಗಳು. ಐದನೆಯದರಲ್ಲೂ. ಬಣ್ಣಬಣ್ಣದ ಸೀರೆಗಳು, ಬಿಳಿ ಅಂಗಿಗಳು. ಯಾರೋ ಬ್ಯಾನರ್ ಕೂಡ ಇಳಿಬಿಟ್ಟಿದ್ದರು: ನಮ್ಮ ತಂಡ ನಮ್ಮ ಹೆಮ್ಮೆ. ನಾನು ಮೊದಲ ಸಲ ಬೇಲಿಯ ಹೊರಗೆ ಎಣಿಸಿದೆ. ಎರಡನೇ ಮಹಡಿ ೯, ಮೂರನೇ ಮಹಡಿ ೨೧, ನಾಲ್ಕು ೭೪, ಐದು ೩೮, ಆರು ೧೪, ಅದರ ಮೇಲೆ ೭. ಒಟ್ಟು ೧೬೩.

ವಿರಾಮಕ್ಕೆ ಹತ್ತು ನಿಮಿಷ. ಓಡಿದೆ. ನಮ್ಮ ಲಿಫ್ಟು ಒಂದು, ಐದು, ಒಂಬತ್ತರಲ್ಲಿ ಮಾತ್ರ ನಿಲ್ಲುವುದು; ಮೆಟ್ಟಿಲು ಹತ್ತಿದೆ, ನಲವತ್ತೆಂಟು. ಕಾರಿಡಾರಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಮುಂದಿನ ನಾಲ್ಕು ಕುರ್ಚಿ ಮಾತ್ರ ಖಾಲಿ.

"ಎಲ್ರೂ ಕೆಳಗ್ ಬನ್ನಿ! ಇನ್ನೂ ನೂರು ಜನ ಬೇಕು! ಎಣಿಸ್ತಾ ಇದಾರೆ!"

"ಇಲ್ಲಿಂದ್ಲೇ ಚೆನ್ನಾಗ್ ಕಾಣುತ್ತಮ್ಮ" ಎಂದರು ಆಂಟಿ ಒಬ್ಬರು.

"ಕಾಣೋದಲ್ಲ ಆಂಟಿ, ಒಳಗಿರ್ಬೇಕು."

"ನಾವ್ ಸಹಿ ಮಾಡಿದ್ದೀವಲ್ಲ" ಎಂದರು ಪಾಸಿರ್ ರಿಸ್‌ನ ಅಂಕಲ್, ನೊಂದವರಂತೆ.

"ಇಷ್ಟೊತ್ತಿಗೆ ಕೆಳಗೆ ಫುಲ್ ಆಗಿರುತ್ತೆ ಅಂದ್ಕೊಂಡ್ವಿ" ಎಂದರು ಇನ್ನೊಬ್ಬರು. ಅವರ ಕಣ್ಣ ಮುಂದೆಯೇ ಬೇಲಿಯೊಳಗೆ ಕೂರುವ ಕಟ್ಟೆಗಳು ಖಾಲಿ ಬಿದ್ದಿದ್ದವು.

"ಅರ್ಧ ಮ್ಯಾಚಿಗೆ ಫುಲ್ ಟಿಕೆಟ್ಟಾ?"

ಇದಕ್ಕೆ ಎಲ್ಲರೂ ನಕ್ಕರು. ಪ್ರಾಣ ಇರುವವರೆಗೂ ಎಂದು ಬರೆದಿದ್ದ ಅಂಕಲ್ ಕೂಡ ನಕ್ಕರು. ಬಾಯಲ್ಲಿ ಬೋಂಡಾ ಇತ್ತು, ಹಿಟ್ಟಿನ ಚೂರು ಕಟಕಟೆಯ ಮೇಲೆ ಬಿತ್ತು, ಅದನ್ನು ಅವರು ಬೆರಳಿನಿಂದ ಕೆಳಗೆ ತಳ್ಳಿದರು. ಆ ಎಣ್ಣೆ ಹತ್ತಿದ ಬೆರಳು ಈಗಲೂ ಕಣ್ಣೆದುರಿಗಿದೆ.

ಅಮ್ಮ ಅಡಿಗೆಮನೆಯಿಂದ ಕೂಗಿದಳು. "ಎಣ್ಣೇಲಿ ಒಂದು ಒಬ್ಬೆ ಇದೆ ಕಣೇ, ಅದೊಂದು ಎತ್ತಿ ಬರ್ತೀನಿ."

ಅಪ್ಪ ಬಾಗಿಲ ಪಕ್ಕದ ತಮ್ಮ ಎಂದಿನ ಕುರ್ಚಿಯಲ್ಲಿದ್ದರು. ಕೈಯಲ್ಲಿ ತಟ್ಟೆ. ನಾನು ಅವರನ್ನೇ ನೋಡಿದೆ.

"ಗೆಸ್ಟ್‌ಗಳನ್ನ ಬಿಟ್ಟು ಹೇಗೆ ಬರ್ಲಿ?" ಎಂದರು ಮೆಲ್ಲಗೆ. "ಸೆಕೆಂಡ್ ಹಾಫ್‌ಗೆ ಕರ್ಕೊಂಡ್ ಬರ್ತೀನಿ, ಹೋಗು."

ನನ್ನ ಹಿಂದೆ ಮೂವರು ಇಳಿದು ಬಂದರು: ಐದನೇ ಮಹಡಿಯ ಮಲಯ ಅಜ್ಜಿ ಮತ್ತು ಅವಳ ಇಬ್ಬರು ಮೊಮ್ಮಕ್ಕಳು. ಅವಳಿಗೆ ನನ್ನ ಮಾತು ಅರ್ಥವಾಗಿರಲಿಲ್ಲ. ನಾನು ಅಳುತ್ತಿದ್ದದ್ದು ಅರ್ಥವಾಗಿತ್ತು. ಆರು ಡಾಲರ್ ಗೇಟಿನಲ್ಲಿಟ್ಟು ಒಳಗೆ ಬಂದಳು.

ಟಿಕ್, ಟಿಕ್, ಟಿಕ್. ನಲವತ್ತನಾಲ್ಕು.

ಅಂದು ಗೋಲ್‌ಕೀಪರ್ ಅಂಕಲ್ ಆ ಕೆಂಪು ತೇಪೆಯ ಮೇಲೆ ನಿಂತು ಹನ್ನೊಂದು ಹೊಡೆತ ತಡೆದರು. ಪ್ರತಿ ಸಲವೂ ಮೇಲಿನಿಂದ ಚಪ್ಪಾಳೆ ಬಂತು, ಜೋರಾದ ಚಪ್ಪಾಳೆ. ಕಮಿಟಿಯ ಕನ್ನಡಕದವರು ಪ್ರತಿ ಸಲ ತಲೆ ಎತ್ತಿ ಬ್ಲಾಕನ್ನು ನೋಡಿದರು. ತಂಡ ೨–೦ಯಿಂದ ಗೆದ್ದಿತು. ಹೊರಡುವಾಗ ಕನ್ನಡಕದವರು ಎಣಿಕೆಯ ಯಂತ್ರವನ್ನು ನನ್ನ ಮುಂದೆ ಹಿಡಿದು ತೋರಿಸಿದರು. ಏನಾದರೂ ಹೇಳಿದ್ದರೆ ಜಗಳವಾಡಬಹುದಿತ್ತು.

ಸಂಜೆ ವಾಯ್ಡ್ ಡೆಕ್‌ನಲ್ಲಿ ಮ್ಯಾನೇಜರ್ ಅಂಕಲ್ ಸಿಗರೇಟು ಹಚ್ಚಿದರು. ನಾನು ಬೆಂಚಿನ ಮೇಲೆ ಕೂತು ಇನ್ನೂ ಅಳುತ್ತಿದ್ದೆ.

"ಅಳ್ಬೇಡಮ್ಮ. ನೂರೈವತ್ತು ಬಂದಿದ್ರೂ ಅಷ್ಟೇ. ಜೊಹೋರ್‌ನವರ ಜೊತೆ ಅಗ್ರಿಮೆಂಟ್ ಮಾರ್ಚ್‌ನಲ್ಲೇ ಆಗಿತ್ತು."

"ಮತ್ತೆ ಈ ಎಣಿಸೋದೆಲ್ಲ ಯಾಕೆ ಅಂಕಲ್?"

"ಅವರು ಕೇಳಿದ್ರು. ಬೇಡ ಅನ್ನೋಕಾಗುತ್ತಾ?" ಹೊಗೆ ಬಿಟ್ಟರು. "ಇದನ್ನ ಪುಸ್ತಕದಲ್ಲಿ ಬರೀಬೇಡ."

ಅದು ನಿಜವೋ, ಸೋತ ಮೇಲೆ ಹುಟ್ಟಿದ ಮಾತೋ ನನಗೆ ಇವತ್ತಿಗೂ ಗೊತ್ತಿಲ್ಲ. ಒಂದು ಹುಡುಗಿಯ ಅಳು ನಿಲ್ಲಿಸಲು ಹೇಳಿರಲೂಬಹುದು. ನಿಜವಾಗಿದ್ದರೆ ಎರಡು ತಿಂಗಳು ಒಬ್ಬ ಮನುಷ್ಯನನ್ನು ಸಾಸಿನ ಕಲೆಯ ಮೇಲೆ ನಿಲ್ಲಿಸಿ ಆಸೆ ತೋರಿಸಿದ್ದರು. ಸುಳ್ಳಾಗಿದ್ದರೆ ಕಾರಿಡಾರಿನಲ್ಲಿದ್ದವರೇ ಅವರನ್ನು ಕಳಿಸಿದರು. ಆ ರಾತ್ರಿ ಎರಡನ್ನೂ ಬರೆದೆ, ಎರಡರ ಮುಂದೆಯೂ ಪ್ರಶ್ನಾರ್ಥಕ ಚಿಹ್ನೆ ಹಾಕಿದೆ. ಮೊದಲ ಪುಟದ ನಿಯಮವನ್ನು ಹೊಡೆದುಹಾಕಲು ಪೆನ್ನು ಎತ್ತಿದೆ, ಹೊಡೆಯಲಿಲ್ಲ. ನಿಯಮ ಸರಿಯಾಗೇ ಇತ್ತು. ಆ ಜನರನ್ನು ಒಂಬತ್ತು ತಿಂಗಳು ಭಾನುವಾರ ಭಾನುವಾರ ನೋಡಿಯೂ ಅವರು ಕೇಳಿದರೆ ಇಳಿದು ಬರುತ್ತಾರೆಂದು ನಂಬಿದ್ದೆನಲ್ಲ, ತಪ್ಪು ಅಲ್ಲಿತ್ತು.

ಜೂನ್ ೧, ಶನಿವಾರ, ಬೆಳಿಗ್ಗೆ ೯ ಗಂಟೆ ೧೫ ನಿಮಿಷ. ಟ್ಯಾಕ್ಸಿ ಬಂತು. ಸೂಟ್‌ಕೇಸ್ ಐದು, ಹಾಕಿ ಸ್ಟಿಕ್ಕಿನ ಚೀಲ ಒಂದು, ಬಕೆಟ್ ಒಂದು. ಗೋಲ್‌ಕೀಪರ್ ಅಂಕಲ್ ಹೆಲ್ಮೆಟನ್ನು ಕೈಯಲ್ಲೇ ಹಿಡಿದಿದ್ದರು, ಡಿಕ್ಕಿಯಲ್ಲಿ ಜಾಗವಿರಲಿಲ್ಲ. ಮೊಣಕೈಯ ಗಾಯ ಕಂದುಗಟ್ಟಿತ್ತು. ಕಳಿಸಿಕೊಡಲು ಕೆಳಗೆ ಬಂದವರು ನಾನು, ಅಪ್ಪ, ಅಮ್ಮ. ಮೇಲಿನ ಕಾರಿಡಾರುಗಳಿಂದ ಹನ್ನೆರಡು ಜನ ಕೈಬೀಸಿದರು.

ಮಗಳು ಯೂನಿಫಾರ್ಮ್ ಹಾಕಿಕೊಂಡಿದ್ದಳು; ಶಾಲೆಗೆ ರಜೆ, ಆದರೂ ಅದನ್ನೇ ಹಾಕುತ್ತೇನೆಂದು ಹಟ ಹಿಡಿದಿದ್ದಳಂತೆ. ಅಪ್ಪನ ಹತ್ತಿರ ಬಂದು ಕೇಳಿದಳು.

"ಅಂಕಲ್, ನಿಮ್ಮನೆ ಮುಂದಿಂದ ನೋಡಿದ್ರೆ ನಮ್ಮಪ್ಪನ ಮುಖ ಕಾಣ್ತಿತ್ತಾ?"

ಅಪ್ಪ ತಲೆ ಎತ್ತಿ ನಾಲ್ಕನೇ ಮಹಡಿಯನ್ನು ನೋಡಿದರು. "ಇಲ್ಲ ಮರಿ. ಹೆಲ್ಮೆಟ್ ಅಷ್ಟೇ ಕಾಣ್ತಿತ್ತು."

"ಫೀಲ್ಡ್ ಹತ್ರ ಬಂದ್ರೆ ಕಾಣತ್ತೆ ಲಾ" ಎಂದಳು, ಹೊಸ ವಿಷಯ ಹೇಳಿಕೊಡುವವಳಂತೆ, ಮತ್ತು ಟ್ಯಾಕ್ಸಿ ಹತ್ತಿದಳು.

ಆಮೇಲೆ ಭಾನುವಾರಗಳಲ್ಲಿ ನಮ್ಮ ಮನೆಗೆ ಜನ ಬರುವುದು ಎರಡೇ ವಾರ ನಡೆಯಿತು. ನೋಡಲು ಏನೂ ಇರಲಿಲ್ಲ. ಅಪ್ಪ ಮಡಚುವ ಕುರ್ಚಿಗಳನ್ನು ಯಾರಿಗೋ ಕೊಟ್ಟುಬಿಟ್ಟರು. ಆ ಕೆಂಪು ತೇಪೆ ಮಾತ್ರ ಬಹಳ ಕಾಲ ಮಳೆಯಲ್ಲಿ ನೆನೆಯುತ್ತ ಅಲ್ಲೇ ಇತ್ತು. ೧೯೯೭ರ ಜನವರಿಯಲ್ಲಿ ಮೈದಾನವನ್ನು ಕಾರು ನಿಲ್ಲಿಸಲು ಕೊಟ್ಟಾಗ ಕಿತ್ತರು.

ಈಗ ೧೯೯೮. ನನ್ನ ಆ ನೋಟ್‌ಬುಕ್‌ನಲ್ಲಿ ಮೂರು ಖಾನೆ ಖಾಲಿ ಇವೆ. ತಂಡ ಸೇತುವೆಯಾಚೆ ಒಂದು ಪಂದ್ಯವನ್ನಾದರೂ ಆಡಿತೇ? ಅಲ್ಲಿಗೆ ಹೋಗಿ ಕೇಳಿದೆ, ಆ ಹೆಸರು ಕೇಳಿದವರು ಸಿಗಲಿಲ್ಲ. ಒಪ್ಪಂದಕ್ಕೆ ಸಹಿ ಬಿದ್ದದ್ದು ಮಾರ್ಚಿನಲ್ಲೋ, ಮೇ ಹನ್ನೆರಡರ ನಂತರವೋ? ಎಡ ಮೊಣಕೈಯಲ್ಲಿ ಏಳು ಹೊಲಿಗೆಯ ಗುರುತಿರುವ ಗೋಲ್‌ಕೀಪರ್ ಈಗ ಎಲ್ಲಿದ್ದಾರೆ, ಅವರ ಮಗಳು ಯಾವ ಶಾಲೆಯಲ್ಲಿ ಓದುತ್ತಿದ್ದಾಳೆ? ಇವುಗಳಲ್ಲಿ ಒಂದು ಗೊತ್ತಿದ್ದರೂ ದಯವಿಟ್ಟು ಈ ಪುಸ್ತಕದ ಪ್ರಕಾಶಕರ ವಿಳಾಸಕ್ಕೆ ಒಂದು ಕಾಗದ ಬರೆಯಿರಿ. ಮೇ ೧೨ರ ಆ ಭಾನುವಾರ ನೀವು ನಮ್ಮ ಬ್ಲಾಕಿನಲ್ಲಿ ನಿಂತಿದ್ದರೆ ಅದನ್ನೂ ಬರೆಯಿರಿ, ಯಾವ ಮಹಡಿ ಎಂದು ನಮೂದಿಸಿ.